ಸಾಕಕ್ಕನ ಕಿವಿಯೂ ನನ್ನ ನಿಸ್ತಂತು ಯಂತ್ರವೂ

ಕಿವಿಯೆಂಬುದು ಶಬ್ದಗ್ರಹಣಕ್ಕಾಗಿ ಇರುವ ಇಂದ್ರಿಯವೆಂದು ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳಿದ ನನಗೆ, ಅದು ಮೂಲತಃ ಒಂದು ಗೂಟ ಎಂಬ ಸತ್ಯ ಹೊಳೆದದ್ದು ನಿವೃತ್ತಿಯ ನಂತರವೇ. ಬೆಳಿಗ್ಗೆ ಎದ್ದೊಡನೆ ಅದಕ್ಕೆ ಕನ್ನಡಕದ ಕಡ್ಡಿಯನ್ನು ತಗುಲಿಹಾಕಬೇಕು. ಕಬ್ಬಿನ ಲಾರಿಗಳು ಧೂಳೆಬ್ಬಿಸುವ ಕಾಲದಲ್ಲಿ ಪಾಂಡವಪುರದ ಪೇಟೆಗೆ ಹೊರಟರೆ ಮಾಸ್ಕಿನ ದಾರವನ್ನು ಸಿಕ್ಕಿಸಬೇಕು. ಮಾಗಿ ಬಂದರೆ ಎಲ್ಲದರ ಮೇಲೆ ಮಫ್ಲರು ಬೇರೆ. ನನ್ನ ಕಿವಿಗಳಾದರೋ ಹುಟ್ಟಿನಿಂದಲೇ ಯಾರದೋ ಗುಟ್ಟು ಕೇಳುವಂತೆ ಮುಂದಕ್ಕೆ ಬಾಗಿದಂಥವು. ಹಿಂದಿನ ಬೆಂಚಿನ ವಿದ್ವಾಂಸರು ಅವುಗಳಿಗೊಂದು ಅಡ್ಡಹೆಸರು ದಯಪಾಲಿಸಿದ್ದರೆಂಬುದೂ ನನಗೆ ಗೊತ್ತು, ಅದನ್ನಿಲ್ಲಿ ಬರೆಯುವ ವಿನಯ ಮಾತ್ರ ನನಗಿಲ್ಲ. ಇಷ್ಟು ಭಾರ ಹೊತ್ತಿದ್ದ ಈ ಜೋಡುಗೂಟಗಳ ಮೇಲೆ ಹೋದ ವರ್ಷ ಒಂದು ಹೆಡ್‌ಫೋನು ಬಂದು ಕೂತಿತು. ಅದು ನನಗಾಗಿ ಬಂದದ್ದಲ್ಲ, ನನ್ನ ಅಕ್ಕನಿಗಾಗಿ ಬಂದದ್ದು. ಆ ಕಥೆಯನ್ನು ಹೇಳಿಬಿಡುತ್ತೇನೆ.

ಅಕ್ಕನ ಹೆಸರು ಸಾಕಮ್ಮ, ನನಗೆ ಸಾಕಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಬೂಕನಕೆರೆಯಲ್ಲಿ ಮಗ ಸೊಸೆಯ ಜೊತೆ ತುಂಬಿದ ಮನೆಯಲ್ಲಿದ್ದಾಳೆ. ಸುತ್ತಿನ ಹತ್ತು ಊರಿನಲ್ಲಿ ಮದುವೆಯಾದರೆ ಸೋಬಾನೆ ಹೇಳಲು, ಅದರಲ್ಲೂ ಬೀಗರನ್ನು ಹಾಸ್ಯ ಮಾಡುವ ಹಾಡುಗಳಿಗೆ, ಮೊದಲು ಕರೆ ಹೋಗುತ್ತಿದ್ದುದು ಅವಳಿಗೆ. ಅವಳು ಒಂದು ಸೊಲ್ಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ಹಿಂದೆ ಹೇಳಬೇಕು, ಅಷ್ಟರಲ್ಲಿ ಅವಳ ನಾಲಿಗೆಯ ತುದಿಗೆ ಮುಂದಿನ ಸೊಲ್ಲು ಬಂದು ನಿಂತಿರಬೇಕು. ಇಂಥ ಅಕ್ಕನಿಗೆ ಮೂರ್ನಾಲ್ಕು ವರ್ಷದಿಂದ ಕಿವಿ ಮಂದವಾಗುತ್ತ ಬಂದಿತ್ತು. ಮೊದಮೊದಲು "ಆಂ?" ಎನ್ನುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟು, ಯಾರು ಏನು ಹೇಳಿದರೂ ಸುಮ್ಮನೆ ನಗಲು ಶುರುಮಾಡಿದಳು. ಎದುರಿಗಿದ್ದವರು ಸಾವಿನ ಸುದ್ದಿ ಹೇಳುತ್ತಿದ್ದರೂ ಅದೇ ನಗು. ಒಮ್ಮೆ ಹಾಗೆ ನಕ್ಕು, ಆಮೇಲೆ ಸೊಸೆಯಿಂದ ವಿಷಯ ತಿಳಿದು, ನಾಚಿಕೆಯಿಂದ ಎರಡು ದಿನ ಜಗಲಿಗೇ ಬರಲಿಲ್ಲವಂತೆ.

ಹೀಗಿರುವಾಗ ಅದೇ ಬೀದಿಯ ಕೊನೆಯ ಮನೆಯವರು ಮಗನ ಮದುವೆಗೆ ಹಾಡು ಹೇಳಬೇಕೆಂದು ಅಕ್ಕನನ್ನು ಕೇಳಿಕೊಂಡರು. "ಹಿಂದೆ ಏಳೋರ ದನಿ ನನಗೆ ಕೇಳ್ದೆ ಓದ್ರೆ ನಾನೆಲ್ಲಿ ಎತ್ಕೊಳ್ಲವ್ವ? ಪದಾನೂ ಮರ್ತೋಗವೆ," ಎಂದು ಅಕ್ಕ ಕೈಮುಗಿದಳಂತೆ. ಅವರೋ, ಇನ್ನೂ ಮೂರು ವಾರ ಇದೆ, ಯೋಚನೆ ಮಾಡಿ ಎಂದು ಹೇಳಿ ಹೋದರು. ಇದನ್ನು ಸೊಸೆ ಮಂಜುಳಾ ಫೋನಿನಲ್ಲಿ ಹೇಳಿದಾಗ ನನ್ನ ತಲೆಯಲ್ಲೊಂದು ದೀಪ ಹತ್ತಿತು. ಮೂವತ್ತೆಂಟು ವರ್ಷದ ಹಿಂದೆ ನಾಗಮಂಗಲದಲ್ಲಿ ನಡೆದ ನನ್ನ ಮದುವೆಯಲ್ಲಿ ಅಕ್ಕ ಹಾಡಿದ್ದ ಹಾಡುಗಳ ಒಂದು ಕ್ಯಾಸೆಟ್ಟು ನಮ್ಮ ಬೀರುವಿನಲ್ಲಿತ್ತು. ಅದನ್ನು ಅವಳ ಕಿವಿಗೆ ಹತ್ತಿರದಿಂದ ಕೇಳಿಸಿದರೆ ಪದಗಳೂ ನೆನಪಾಗುತ್ತವೆ, ಧೈರ್ಯವೂ ಬರುತ್ತದೆ ಎಂಬುದು ನನ್ನ ಎಣಿಕೆ.

ಕ್ಯಾಸೆಟ್ಟನ್ನು ಈ ಕಾಲದ ಕಡತವನ್ನಾಗಿ ಬದಲಿಸಿಕೊಟ್ಟವರು ಶ್ರೀರಂಗಪಟ್ಟಣದ ಅನ್ವರ್ ಸಾಹೇಬರು. ಐವತ್ತು ವರ್ಷದಿಂದ ರೇಡಿಯೋ ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡು ಬಂದವರು; ಈಗ ರೇಡಿಯೋ ತರುವವರಿಲ್ಲದೆ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಕಡೆ ಕರುಣೆ ತಿರುಗಿಸಿದ್ದಾರೆ. ಹಾಡು ಹಾಕಲು ನನ್ನ ಬಳಿ ಒಂದು ಟ್ಯಾಬ್ಲೆಟ್ಟು ಇತ್ತು. ಅದನ್ನು ಕೊಟ್ಟದ್ದು ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಮೇಷ್ಟ್ರು ಶಿವಣ್ಣ. ಶಿವಣ್ಣನಿಗೆ ಲಿನಕ್ಸಿನ ಮೋಹ. ಜಗತ್ತಿನ ಮೂಲೆಮೂಲೆಯ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಿ ಬೇಕಾದರೆ ತಿದ್ದಿಕೊಳ್ಳಿ ಎಂದು ಬಿಟ್ಟುಕೊಟ್ಟಿರುವ ತಂತ್ರಾಂಶ ಅದು. ಹಳೆಯದೆಂದು ಯಾರಾದರೂ ಮೂಲೆಗೆಸೆದ ಯಂತ್ರ ಕಂಡರೆ ಶಿವಣ್ಣ ಅದನ್ನೆತ್ತಿಕೊಂಡು ಹೋಗಿ, ಒಳಗಿದ್ದುದನ್ನೆಲ್ಲ ತೊಳೆದು, ಲಿನಕ್ಸ್ ತುಂಬಿ, ಯಾರಿಗಾದರೂ ಕೊಟ್ಟುಬಿಡುತ್ತಾನೆ. "ಇದಕ್ಕೆ ಒಡೆಯ ಅಂತ ಒಬ್ನಿಲ್ಲ ಕಣಯ್ಯ, ಎಲ್ರೂ ಒಡೇರೇ," ಎಂಬುದು ಅವನ ಮಂತ್ರ. ಒಡೆಯರೆಲ್ಲರೂ ಆದ ಮೇಲೆ ಕೆಟ್ಟಾಗ ದೂರುವುದು ಯಾರನ್ನು ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ.

ಹೆಡ್‌ಫೋನು ಹೊಸದು, ತಂತಿಯಿಲ್ಲದ್ದು. ಬ್ಲೂಟೂತ್ ಎಂಬ ಮಾಯೆಯಿಂದ ಟ್ಯಾಬ್ಲೆಟ್ಟಿನ ಧ್ವನಿಯನ್ನು ಗಾಳಿಯಲ್ಲೇ ಹಿಡಿದುಕೊಳ್ಳುವಂಥದ್ದು. ನಾನು ಆ ಹೆಸರನ್ನು ನೀಲಿಹಲ್ಲು ಎಂದು ಅನುವಾದಿಸಿ, ಹಲ್ಲಿಗೂ ಕಿವಿಗೂ ಎತ್ತಣ ನಂಟೆಂದು ಹೆಂಡತಿ ವನಜಾಕ್ಷಿಯೆದುರು ಒಂದು ಪುಟ್ಟ ಉಪನ್ಯಾಸ ಮಾಡಿ, ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಬೂಕನಕೆರೆಯ ಬಸ್ಸು ಹತ್ತಿದೆ. ಮೊದಲ ಹಾಡನ್ನು ಟ್ಯಾಬ್ಲೆಟ್ಟಿನ ಸ್ಪೀಕರಿನಲ್ಲಿ ಮನೆಯಲ್ಲೇ ಕೇಳಿ ನೋಡಿದ್ದೆ. ಹೆಡ್‌ಫೋನಿನಲ್ಲಿ ಕೇಳಿ ನೋಡಿರಲಿಲ್ಲ. ಪ್ರಯೋಗ ಮಾಡದೆ ಫಲಿತಾಂಶ ಬರೆಯಬಾರದೆಂದು ಎಷ್ಟು ಮಕ್ಕಳಿಗೆ ಬೈದಿದ್ದೇನೋ, ಅಷ್ಟೂ ಮಕ್ಕಳು ಆ ದಿನ ನನ್ನ ಹಿಂದೆ ನಿಂತು ನಗಬಹುದಿತ್ತು.

ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕನ ತಲೆಗೆ ಹೆಡ್‌ಫೋನು ತೊಡಿಸಿದೆ. ಹಾಡು ಶುರುಮಾಡಿದೆ. ಅವಳ ಮುಖ ಅರಳಿತು. ತನ್ನದೇ ದನಿ ಗುರುತು ಹತ್ತಿತ್ತು. ಮರುಗಳಿಗೆಗೆ ಹುಬ್ಬು ಗಂಟಿಕ್ಕಿತು. ಮತ್ತೆ ಅರಳಿತು, ಮತ್ತೆ ಗಂಟಿಕ್ಕಿತು.

"ಕೇಳುಸ್ತದೆ, ನಿಂತೋಯ್ತದೆ. ಕೇಳುಸ್ತದೆ, ನಿಂತೋಯ್ತದೆ ಕಣ್ಲಾ," ಎಂದಳು.

ನಾನು ಟ್ಯಾಬ್ಲೆಟ್ಟನ್ನು ನೋಡಿದೆ. ಪರದೆಯ ಮೇಲೆ ಹಾಡಿನ ಗೆರೆ ಸರಾಗವಾಗಿ ಸರಿಯುತ್ತಿತ್ತು. ಮೇಷ್ಟ್ರ ದನಿಯಲ್ಲಿ, ಅವಳಿಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ: "ಮಿಷಿನ್ನು ಸರಿಯಾಗಿ ಓಡ್ತಾ ಇದೆ ಅಕ್ಕ. ಹೆಡ್‌ಫೋನು ಹೊಸದು. ನೀನು ಸ್ವಲ್ಪ ಗಮನ ಇಟ್ಟು ಕೇಳು."

ಅವಳು ಗಮನ ಇಟ್ಟು ಕೇಳಿದಳು. ಐದು ನಿಮಿಷ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೇಳಿದಳು. ಆಮೇಲೆ ಮೆಲ್ಲಗೆ ಹೆಡ್‌ಫೋನು ತೆಗೆದು ನನ್ನ ಕೈಗಿತ್ತಳು. "ನಿನ್ ಮಿಷಿನ್ನು ಸರ್ಯಾಗೇ ಅದೆ ಬುಡು. ನನ್ ಕಿವೀಗೇ ತೂತು ಬಿದ್ದೋಗವೆ. ಮಂದ ಆಗದೆ ಅನ್ಕಂಡಿದ್ದೆ, ಈಗ ತುಂಡ್‌ತುಂಡಾಗೇ ಬತ್ತಾ ಅದೆ," ಎಂದು ಅವರೆಕಾಯಿಯ ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಹೊತ್ತು ಕಳೆಯಲೆಂದು ಆ ಹೆಡ್‌ಫೋನನ್ನು ನಾನೇ ತಲೆಗೇರಿಸಿದೆ. ಎರಡು ಸೊಲ್ಲು ಬಂತು, ಚೂರು ಮೌನ. ಮತ್ತೊಂದು ಸೊಲ್ಲು, ಮತ್ತೆ ಮೌನ. ಬಿಕ್ಕಳಿಕೆ ಬಂದವರು ಹಾಡಿದಂತೆ ಅಕ್ಕನ ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ನನ್ನ ಕಿವಿಗೆ ಯಾವ ಮಂದವೂ ಇಲ್ಲ. ದೋಷ ಅವಳದಲ್ಲ, ಯಂತ್ರದ್ದು, ಯಂತ್ರದ್ದೆನ್ನುವುದಕ್ಕಿಂತ ನನ್ನದು. ಅರ್ಧದಾರಿಯಲ್ಲಿ ಇಳಿದು ಹಿಂದಕ್ಕೆ ಹೋಗೋಣವೆನಿಸಿತು. ಆದರೆ ಕೆಟ್ಟ ಯಂತ್ರವನ್ನೇ ಹಿಡಿದುಕೊಂಡು ಹೋಗಿ, ನಿನ್ನ ಕಿವಿ ಚೆನ್ನಾಗಿದೆ ಎಂದರೆ ಅವಳು ನಂಬುತ್ತಾಳೆಯೇ? ತಮ್ಮ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡು ಅದೇ ನಗು ನಗುತ್ತಾಳೆ. ಮನೆಗೆ ಬಂದು ಫೋನು ಮಾಡಿ ಮಂಜುಳಾಗೆ ವಿಷಯ ತಿಳಿಸಿದೆ. ಅವಳು ಮಾರನೆಯ ದಿನ ತಿರುಗಿ ಫೋನು ಮಾಡಿದಳು: "ಏಳ್ದೆ ಮಾವ. ಸುಮ್ಕೆ ನಗಾಡ್ಬುಟ್ರು. ಕೊನೆ ಮನೆಯೋರ್ಗೆ ಬೇರೆ ಯಾರ್ನಾರಾ ನೋಡ್ಕಳಿ ಅಂತ ಏಳಿ ಕಳ್ಸವ್ರೆ."

ಆ ದಿನದಿಂದ ನನ್ನ ತಪಸ್ಸು ಆರಂಭವಾಯಿತು. ಶಿವಣ್ಣ ಆಗ ನಾಗಮಂಗಲದಲ್ಲಿ ಮನೆ ಕಟ್ಟಿಸುತ್ತಿದ್ದ. ಅಲ್ಲಿಂದಲೇ ಗಾರೆಯವರಿಗೂ, ಫೋನಿನಲ್ಲಿ ನನಗೂ ಒಟ್ಟೊಟ್ಟಿಗೆ ಆಜ್ಞೆ ಕೊಡುತ್ತಿದ್ದುದರಿಂದ, ಮರಳು ಜರಡಿ ಹಿಡಿಯಬೇಕಾದವರು ಯಾರು, ಟ್ಯಾಬ್ಲೆಟ್ಟಿನ ಸಂರಚನೆಯ ಕಡತ ತೆರೆಯಬೇಕಾದವರು ಯಾರು ಎಂಬುದು ನಮಗೆ ಎಷ್ಟೋ ಸಲ ಗೊಂದಲವಾಗುತ್ತಿತ್ತು. ಲಿನಕ್ಸಿನಲ್ಲಿ ಗುಂಡಿ ಒತ್ತಿದರೆ ಆಗದ ಕೆಲಸವನ್ನು ಕಪ್ಪು ಪರದೆಯೊಂದನ್ನು ತೆರೆದು, ಅಕ್ಷರಗಳಲ್ಲಿ ಆಣತಿ ಬರೆದು ಮಾಡಿಸಬೇಕು. ಅಕ್ಷರದ ನಡುವೆ ಜಾಗ ಬಿಡಬೇಕಾದಲ್ಲಿ ಬಿಡದಿದ್ದರೆ ಅದು ತಪ್ಪು. ಬಿಡಬಾರದಲ್ಲಿ ಬಿಟ್ಟರೆ ಇನ್ನೂ ದೊಡ್ಡ ತಪ್ಪು. ಒಂದು ಚುಕ್ಕೆಗೆ ಅರ್ಧ ಅಂಕ ಕಳೆಯುತ್ತಿದ್ದ ನನ್ನನ್ನು ಒಂದು ಚುಕ್ಕೆಯ ಕಾರಣಕ್ಕೆ ಪೂರ್ತಿ ಅನುತ್ತೀರ್ಣ ಮಾಡಿದ ಪರೀಕ್ಷಕ ಅದು. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಬೆವರುತ್ತ ಕೂತಿದ್ದ ನನ್ನನ್ನು ನೋಡಿ ವನಜಾಕ್ಷಿ, "ಸಪ್ಲಿಮೆಂಟರಿಗೆ ಕಟ್ಟಿದ್ದೀರಾ?" ಎಂದು ಕೇಳಿ ಒಳಗೆ ಹೋದಳು.

ಮೊದಲ ದಿನದ ಚಿಕಿತ್ಸೆಯಿಂದ ಹಾಡು ಕತ್ತರಿಸುವುದು ಕಡಿಮೆಯಾಯಿತು, ಆದರೆ ಅಕ್ಕ ಬಾವಿಯೊಳಗೆ ನಿಂತು ಹಾಡುವಂತೆ ಕೇಳತೊಡಗಿತು. ಹೆಡ್‌ಫೋನಿಗೆ ಎರಡು ಅವತಾರಗಳುಂಟಂತೆ: ಹಾಡು ಕೇಳುವಾಗ ಒಂದು, ಫೋನಿನಲ್ಲಿ ಮಾತಾಡುವಾಗ ಇನ್ನೊಂದು. ನನ್ನ ಕೈಚಳಕದಿಂದ ಅದು ಮಾತಿನ ಅವತಾರಕ್ಕೆ ತಿರುಗಿತ್ತು. ಎರಡನೆಯ ದಿನ ಅದನ್ನು ಹಾಡಿನ ಅವತಾರಕ್ಕೆ ಮರಳಿಸಿದೆ. ಬಾವಿ ಹೋಯಿತು, ಬಿಕ್ಕಳಿಕೆ ಬಂತು. ಮೂರನೆಯ ದಿನ ಏನೂ ಕೇಳದಂತಾಯಿತು. ನಿಸ್ತಂತುವಾದದ್ದು ಪೂರ್ತಿ ಅತಂತ್ರವೂ ಆಯಿತೆಂದು ನಾನು ಶ್ಲೇಷೆ ಮಾಡಿದರೆ ಶಿವಣ್ಣ ಫೋನಿನಲ್ಲಿ ನಗಲಿಲ್ಲ. ಅವನ ಮನೆಯ ಸಜ್ಜಾ ಆ ದಿನ ಸೊಟ್ಟವಾಗಿ ಬಂದಿತ್ತು. ನಾಲ್ಕನೆಯ ದಿನ ಅವನು ಧ್ವನಿಯನ್ನು ಕಳುಹಿಸುವ ಮೊದಲು ಒಂದಿಷ್ಟು ಕೂಡಿಟ್ಟುಕೊಳ್ಳುವ ಏರ್ಪಾಡು ಹೇಳಿಕೊಟ್ಟ. ನಲ್ಲಿ ನೀರು ನಿಂತರೂ ತೊಟ್ಟಿಯ ನೀರಿನಿಂದ ಕೆಲಸ ಸಾಗುವಂತೆ ಇದೂ. ತೊಟ್ಟಿ ದೊಡ್ಡದಾದ ಮೇಲೆ ಸಣ್ಣ ಬಿಕ್ಕಳಿಕೆಗಳು ಹೋದವು. ದೊಡ್ಡವು ಉಳಿದವು. ಅದೂ ಮನೆಯಲ್ಲಿ ಅಪರೂಪಕ್ಕೊಮ್ಮೆ, ಮನೆ ಬಿಟ್ಟು ಹೊರಗೆ ಹೋದರೆ ಮೇಲಿಂದ ಮೇಲೆ. ಇದು ಏಕೆಂದು ಶಿವಣ್ಣನಿಗೂ ತಿಳಿಯಲಿಲ್ಲ. "ಯಂತ್ರಾನ ಒಂದ್ಸಲ ಪೂರ್ತಿ ತೊಳ್ದು ಮತ್ತೆ ತುಂಬೋಣ, ಗೃಹಪ್ರವೇಶ ಮುಗೀಲಿ," ಎಂದ. ಅವನ ಗೃಹಪ್ರವೇಶಕ್ಕೆ ಎರಡು ತಿಂಗಳಿತ್ತು. ಬೂಕನಕೆರೆಯ ಮದುವೆಗೆ ಎರಡು ವಾರ ಕೂಡ ಇರಲಿಲ್ಲ.

ಮಾರನೆಯ ಬೆಳಿಗ್ಗೆ, ಒಂದು ವೇಳೆ ಕ್ಯಾಸೆಟ್ಟಿನಿಂದ ಇಳಿಸುವಾಗಲೇ ಏನಾದರೂ ಆಗಿರಬಹುದೇ ಎಂಬ ಅನುಮಾನದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆ. ಅನ್ವರ್ ಸಾಹೇಬರು ಮಿಕ್ಸಿಯೊಂದರ ಹೊಟ್ಟೆ ಬಗೆದು ಕೂತಿದ್ದರು. ಸ್ಟೂಲು ಎಳೆದುಕೊಟ್ಟು ನನ್ನ ಪುರಾಣವನ್ನು ಪೂರ್ತಿ ಕೇಳಿದರು. ಲಿನಕ್ಸು, ಅವತಾರ, ತೊಟ್ಟಿ, ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದರು.

"ಮೇಷ್ಟ್ರೇ, ಇದು ತಂತಿ ಇಲ್ದೆ ಬರ್ತದೆ ಅಂದ್ರೆ, ಇದು ರೇಡಿಯೋನೇ ಅಲ್ವಾ?"

"ಹೌದು, ಒಂದು ಥರ ರೇಡಿಯೋನೇ."

"ಬಸ್, ಅಷ್ಟೇ. ಮತ್ತೆ ರೇಡಿಯೋ ಥರಾನೇ ನೋಡ್ಬೇಕು. ಆಗೆಲ್ಲ ರೇಡಿಯೋ ಕರಕರ ಅಂತದೆ ಅಂತ ತರೋರಲ್ಲ, ನಾನು ಮೊದ್ಲು ರೇಡಿಯೋ ಬಿಚ್ತಾನೇ ಇರ್ಲಿಲ್ಲ. ನಿಮ್ಮನೇಲಿ ಅದ್ರ ಪಕ್ಕದಲ್ಲಿ ಇನ್ನೇನು ಓಡ್ತದೆ ಅಂತ ಕೇಳ್ತಿದ್ದೆ. ಟ್ಯೂಬ್‌ಲೈಟ್ ಇರ್ತಿತ್ತು, ಮೋಟ್ರು ಇರ್ತಿತ್ತು. ಇದ್ರೊಳಗೆ ಈ ಹಾಡು ಬಿಟ್ಟು ಇನ್ನೇನು ಗಾಳೀಲಿ ಮಾತಾಡ್ತದೆ, ಹೇಳಿ."

ನಾನು ಯೋಚಿಸಿದೆ. "ಇಂಟರ್ನೆಟ್ಟಿಗೆ ವೈಫೈ ಇದೆ."

"ಅದು ಯಾವ ಅಲೆಯಲ್ಲಿ ಬರ್ತದೆ? ಇದು ಯಾವ ಅಲೆಯಲ್ಲಿ ಬರ್ತದೆ?"

ಉತ್ತರ ನನಗೆ ಗೊತ್ತಿತ್ತು, ನಾಚಿಕೆಯಾಗಬೇಕಾದದ್ದು ಅದಕ್ಕೇ. ಎರಡೂ ಹೆಚ್ಚುಕಡಿಮೆ ಒಂದೇ ಅಲೆಯ ಹಾದಿಯಲ್ಲಿ ಓಡಾಡುವಂಥವು. ಇಂಥ ಪುಟ್ಟ ಯಂತ್ರಗಳಲ್ಲಿ ಎರಡಕ್ಕೂ ಸೇರಿ ಒಂದೇ ಆಂಟೆನಾ ಇರುವುದೂ ಉಂಟು. ವೈಫೈ ತನ್ನ ಗುರುತಿನ ಮನೆ ಸಿಕ್ಕದ ಕಡೆ ಮತ್ತೆ ಮತ್ತೆ ಸುತ್ತ ಹುಡುಕುತ್ತಿರುತ್ತದೆ. ಪಾಂಡವಪುರದ ನಮ್ಮ ಮನೆಯಲ್ಲಿ ತೆಪ್ಪಗಿದ್ದದ್ದು ಬೂಕನಕೆರೆಯ ಜಗಲಿಯಲ್ಲಿ "ಯಾರಾದರೂ ಇದ್ದೀರಾ" ಎಂದು ಗಳಿಗೆಗೊಮ್ಮೆ ಕೂಗುತ್ತಿದ್ದಿರಬೇಕು. ಆ ಕೂಗಿಗೆ ಸರಿಯಾಗಿ ಹಾಡಿನ ಬಾಯಿ ಮುಚ್ಚುತ್ತಿತ್ತು.

"ಅದ್ರ ಬಾಯಿ ಮುಚ್ಚಿ, ಇದು ಹಾಡ್ಲಿ," ಎಂದು ಸಾಹೇಬರು ಮತ್ತೆ ಮಿಕ್ಸಿಗೆ ತಿರುಗಿದರು.

ವೈಫೈಯನ್ನು ಆರಿಸಲು ಕಪ್ಪು ಪರದೆಯೂ ಬೇಕಿರಲಿಲ್ಲ, ಚುಕ್ಕೆಯೂ ಬೇಕಿರಲಿಲ್ಲ. ಮೂಲೆಯಲ್ಲೊಂದು ಗುಂಡಿ, ಬೆರಳಿನಿಂದ ಮುಟ್ಟಿದರೆ ಸಾಕಿತ್ತು. ಹೆಡ್‌ಫೋನು ಹಾಕಿಕೊಂಡೆ. ಹೊರಗೆ ಟಾಂಗಾ, ಆಟೋ, ಪ್ರವಾಸಿಗರ ಬಸ್ಸು ಏನು ಗದ್ದಲ ಮಾಡಿಕೊಂಡಿದ್ದವೋ ತಿಳಿಯದು; ನನ್ನ ಕಿವಿಯಲ್ಲಿ ಮೂವತ್ತೆಂಟರ ಹರೆಯದ ಸಾಕಕ್ಕ ಮೊದಲ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದು ಎಳೆಯೂ ಕಡಿಯದಂತೆ ಹಾಡಿ ಮುಗಿಸಿದಳು. ಸಾಹೇಬರ ಕಿವಿಗೂ ಹಾಕಿದೆ. ಅವರು ಎರಡು ನಿಮಿಷ ಕೇಳಿ, "ಗಲಾ ಚೆನ್ನಾಗಿದೆ, ಒಳ್ಳೇ ಕಂಠ, ಅವರಿಗೆ ಸಲಾಂ ಹೇಳಿ," ಎಂದರು.

ಅಲ್ಲಿಂದ ಬರುವಾಗ ಖುಷಿಯ ಜೊತೆಗೇ ಒಂದು ಇರುಸುಮುರುಸೂ ಬಸ್ಸು ಹತ್ತಿತು. ಕೊಳಕ್ಕೆ ಎರಡು ಕಲ್ಲು ಎಸೆದರೆ ಅಲೆಗಳು ಒಂದನ್ನೊಂದು ಅಡ್ಡಹಾಯುವುದನ್ನು ಬೋರ್ಡಿನ ಮೇಲೆ ನಾನು ಎಷ್ಟು ವರ್ಷ ಬರೆದಿಲ್ಲ? ಬರೆದು, ಅರ್ಥವಾಗದೆ ಪಿಳಿಪಿಳಿ ನೋಡುತ್ತಿದ್ದ ಮಕ್ಕಳಿಗೆ, "ಗಮನ ಇಟ್ಟು ಕೇಳಿ," ಎಂದು ಅದೇ ದನಿಯಲ್ಲಿ ಹೇಳಿದ್ದೆ. ಅವರಲ್ಲಿ ಎಷ್ಟು ಜನ ಐದು ನಿಮಿಷ ಉಸಿರು ಬಿಗಿಹಿಡಿದು ಕೇಳಿ, ಆಮೇಲೆ ತಮ್ಮ ತಲೆಗೇ ತೂತು ಬಿದ್ದಿದೆಯೆಂದು ತೀರ್ಮಾನಿಸಿಕೊಂಡು ಹೋದರೋ. ಪಾಠ ಬಿಕ್ಕಳಿಸುತ್ತಿದ್ದಿರಬಹುದು ಎಂಬ ಅನುಮಾನ ನನಗೆ ಒಂದು ದಿನವೂ ಬಂದಿರಲಿಲ್ಲ. ಓದುಗ ಮಿತ್ರರೇ, ನಿಮ್ಮಲ್ಲಿ ಯಾರಾದರೂ ನನ್ನ ಹಳೆಯ ವಿದ್ಯಾರ್ಥಿಗಳಿದ್ದರೆ ದಯವಿಟ್ಟು ಈ ಪರಿಚ್ಛೇದವನ್ನು ಎರಡು ಸಲ ಓದಿಕೊಳ್ಳಿ.

ಬೂಕನಕೆರೆಗೆ ಈ ಸಲ ವನಜಾಕ್ಷಿಯೂ ಬಂದಳು. ಅಕ್ಕ ಹೆಡ್‌ಫೋನು ಕಂಡವಳೇ ಕೈಯಾಡಿಸಿಬಿಟ್ಟಳು. "ಬ್ಯಾಡ ಕಣ್ಲಾ. ಈ ಕಿವಿ ಕತೆ ಮುಗೀತು. ನೀನ್ಯಾಕೆ ಬಸ್ಸಲ್ಲಿ ತಿರುಗ್ತಾ ಇದ್ದೀಯೆ?"

ನಾನು ಅವಳೆದುರು ನೆಲದ ಮೇಲೆ ಕೂತೆ. ಕಿವಿಯ ಹತ್ತಿರ ಬಾಯಿಟ್ಟು, ಈ ಸಲ ಮೇಷ್ಟ್ರ ದನಿ ಬಿಟ್ಟು ಹೇಳಿದೆ: "ಅಕ್ಕ, ಅವತ್ತು ಕೆಟ್ಟಿದ್ದದ್ದು ನನ್ ಮಿಷಿನ್ನು. ನಾನು ನೋಡ್ದೇನೇ ನಿನ್ ಮೇಲೆ ಹಾಕ್ಬುಟ್ಟೆ. ತಪ್ಪು ನಂದು."

ಅಕ್ಕ ನನ್ನ ಕಡೆ ತಿರುಗಿದಳು. "ತಪ್ಪು ನಂದು ಅಂತ ನಿನ್ ಬಾಯಲ್ಲಿ ಬತ್ತಾ ಅದಾ? ಎಲ್ಲಿ, ಆಕು ನೋಡವ," ಎಂದು ತಲೆ ಬಗ್ಗಿಸಿದಳು.

ಹಾಡು ಶುರುವಾಯಿತು. ಮುಖ ಅರಳಿತು, ಅರಳಿದ್ದು ಹಾಗೇ ಉಳಿಯಿತು. ಮೊದಲ ಹಾಡಿಗೆ ತುಟಿಗಳು ಅಲುಗಿದವು. ಎರಡನೆಯದಕ್ಕೆ ತೊಡೆಯ ಮೇಲೆ ಬೆರಳು ತಾಳ ಹಾಕಿತು. ಮೂರನೆಯದಕ್ಕೆ ದನಿಯೇ ಬಂತು. ತನ್ನ ದನಿ ತನಗೆ ಕೇಳದ್ದರಿಂದ ಎಷ್ಟು ಜೋರಾಗಿ ಬಂತೆಂದರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಂಜುಳಾ ಸೋಪಿನ ಕೈಯಲ್ಲೇ ಓಡಿಬಂದಳು. ನಾಲ್ಕನೆಯ ಹಾಡಿನ ನಡುವೆ ಅಕ್ಕ ಥಟ್ಟನೆ ನಿಂತಳು.

ಪರೀಕ್ಷೆಗೆಂದು ನಾನು ಯಾವಾಗಲೂ ಹಾಕುತ್ತಿದ್ದುದು ಮೊದಲನೆಯ ಹಾಡನ್ನೇ. ಇಷ್ಟು ದೂರ ಬಂದೇ ಇರಲಿಲ್ಲ. ಬಿಕ್ಕಳಿಕೆ ಮತ್ತೆ ಬಂತೆಂದುಕೊಂಡು ಟ್ಯಾಬ್ಲೆಟ್ಟಿಗೆ ಕೈ ಹಾಕಿದೆ. ಅಕ್ಕ ನನ್ನ ಕೈಯನ್ನು ತಡೆದಳು.

"ಮಿಷಿನ್ನಲ್ಲ ಕಣ್ಲಾ. ಇಲ್ಲಿ ನಾನೇ ನಿಲ್ಸಿದ್ದೆ ನಿನ್ ಮದ್ವೆ ದಿನ."

"ಮರ್ತೋಗಿತ್ತಾ?"

ಅಕ್ಕ ವನಜಾಕ್ಷಿಯ ಕಡೆ ಒಮ್ಮೆ ನೋಡಿ, ಹೇಳಲೋ ಬೇಡವೋ ಎಂಬಂತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಮರೀಲಿಲ್ಲ. ಇವರವ್ವ ಒಲೆ ಪಕ್ಕದಿಂದ ಎದ್ಬಂದು ಬಾಗಿಲಲ್ಲಿ ನಿಂತು ನನ್ನೇ ದುರುಗುಟ್ಕಂಡು ನೋಡುದ್ರು. ಎದ್ರುಕಂಡು ನುಂಗ್ಬುಟ್ಟೆ."

"ಏನದು ಅಕ್ಕ? ಹೇಳಿ, ಪರವಾಗಿಲ್ಲ," ಎಂದಳು ವನಜಾಕ್ಷಿ, ಕಿವಿಯ ಹತ್ತಿರ ಬಾಗಿ.

ಅಕ್ಕ ಹಾಡನ್ನು ವಸಿ ಹಿಂದಕ್ಕೆ ತಿರುಗಿಸೆಂದು ನನಗೆ ಸನ್ನೆ ಮಾಡಿದಳು. ತಿರುಗಿಸಿದೆ. ಆ ಮೌನ ಬರುವವರೆಗೆ ಕಾದು, ಬಂದ ಕೂಡಲೇ, ಎಪ್ಪತ್ತಾರರ ದನಿಯಲ್ಲಿ ಹಾಡಿದಳು:

"ಬೀಗಿತ್ತಿ ಬಡಿಸಿದ ಕಜ್ಜಾಯ ನೋಡಿರೇ
ಬಡಗೀಯ ಉಳಿಗೂ ಮುರಿಯಾದು!"

ಹಾಡಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ ವನಜಾಕ್ಷಿಯನ್ನೇ ನೋಡುತ್ತ ಕೂತಳು. ನಾನು ನೆಲ ನೋಡಿದೆ. ನಮ್ಮತ್ತೆ ಈಗಿಲ್ಲ; ಅವರ ಅಡುಗೆಯ ಬಗ್ಗೆ ಮೂವತ್ತೆಂಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಹಗುರವಾಗಿ ಮಾತಾಡಿದ್ದಿಲ್ಲ, ನಾನಂತೂ ಖಂಡಿತ ಇಲ್ಲ.

ವನಜಾಕ್ಷಿ ಅಕ್ಕನ ತಲೆಯಿಂದ ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. "ಅವ್ವಂಗೂ ಗೊತ್ತಿತ್ತು ಅಕ್ಕ," ಎಂದಳು. "ಅವತ್ತು ಬೆಲ್ಲದ ಪಾಕ ಏರಿಹೋಗಿತ್ತು. ಮತ್ತೆ ಮಾಡೋಕೆ ಹೊತ್ತಿರ್ಲಿಲ್ಲ. ಒಲೆ ಮುಂದೆ ಅಳ್ತಾ ಕೂತಿದ್ರು. ನೀವು ಕಜ್ಜಾಯ ಅಂತ ಪದ ಎತ್ತಿದ್ ತಕ್ಷಣ ಎದ್ದು ಬಂದಿದ್ದು ಅದಕ್ಕೇ."

ಅಕ್ಕನಿಗೆ ಪೂರ್ತಿ ಕೇಳಿಸಿತು. ವನಜಾಕ್ಷಿ ಅಷ್ಟು ಹತ್ತಿರ ಕೂತು, ಅಷ್ಟು ನಿಧಾನವಾಗಿ ಹೇಳಿದ್ದಳು. "ಅಯ್ಯೋ ಪಾಪ. ನುಂಗಿದ್ದೇ ಒಳ್ಳೇದಾಯ್ತು ಬುಡು," ಎಂದಳು ಅಕ್ಕ. ಅದಕ್ಕೆ ವನಜಾಕ್ಷಿ, "ಹಾಡಿದ್ರೂ ಆಗಿರೋದು. ನಮ್ಮವ್ವ ಆಮೇಲೆ ತಾನೇ ಹೇಳ್ಕೊಂಡು ನಗ್ತಿದ್ರು, ನನ್ ಮಗಳ ಮದ್ವೆ ಕಜ್ಜಾಯಕ್ಕೆ ಹಲ್ಲಿದ್ದೋರಷ್ಟೇ ಬನ್ನಿ ಅಂತ," ಎಂದಳು. ಮೊದಲು ನಕ್ಕವಳು ಮಂಜುಳಾ. ಆಮೇಲೆ ಅಕ್ಕ ನಕ್ಕಳು. ಈಚಿನ ವರ್ಷಗಳ ಆ ಸುಮ್ಮನೆಯ ನಗು ಅದಲ್ಲ, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ನಗು.

ಸಂಜೆ ನಾವು ಹೊರಡುವ ಮೊದಲೇ ಅಕ್ಕ ಬೀದಿಯ ಕೊನೆಯ ಮನೆಗೆ ತಾನೇ ನಡೆದು ಹೋಗಿಬಂದಳು. ಟ್ಯಾಬ್ಲೆಟ್ಟು ಹೆಡ್‌ಫೋನುಗಳನ್ನು ಅಲ್ಲೇ ಬಿಟ್ಟು ಬಂದೆವು. ವೈಫೈಯ ಗುಂಡಿಯ ಮೇಲೆ ಮಂಜುಳಾ ಒಂದು ಚೂರು ಕಾಗದ ಅಂಟಿಸಿ, ಮುಟ್ಟಬೇಡಿ ಎಂದು ಬರೆದಳು.

ಮದುವೆಗೆ ನಾವೂ ಹೋಗಿದ್ದೆವು. ಹೆಣ್ಣಿನ ಕಡೆಯವರು ಕೃಷ್ಣರಾಜಪೇಟೆಯವರು. ಹಿಂದೆ ಹೇಳುವ ಹೆಂಗಸರು ಅಕ್ಕನ ಎರಡು ಪಕ್ಕದಲ್ಲೂ ಒತ್ತಿಕೊಂಡು ಕೂತಿದ್ದರು, ಅವಳ ಕಿವಿಗೆ ಬೀಳುವಷ್ಟು ಹತ್ತಿರ. ವನಜಾಕ್ಷಿ ಬಲಗಡೆ. ಅಕ್ಕ ಬೀಗಿತ್ತಿಯ ಸೀರೆಯನ್ನು ಹಾಡಿದಳು, ಓಲೆಯನ್ನು ಹಾಡಿದಳು, ಕೊನೆಗೆ ಅವರು ಬಡಿಸಿದ ಸಾರಿನಲ್ಲಿ ಬೇಳೆಕಾಳು ಹುಡುಕಲು ಈಜು ಬರುವವರು ಬೇಕೆಂದು ಹಾಡಿದಳು. ಬೀಗಿತ್ತಿ ಸೌಟು ಹಿಡಿದು ಬಾಗಿಲಿಗೆ ಬಂದು ದುರುಗುಟ್ಟಿಕೊಂಡು ನೋಡಿದರು. ಅಕ್ಕನ ದನಿ ಒಂದು ಕ್ಷಣ ತಡೆಯಿತು. ಆಮೇಲೆ ಕೈಸನ್ನೆ ಮಾಡಿ ಬೀಗಿತ್ತಿಯನ್ನು ಹತ್ತಿರ ಕರೆದು, ತನ್ನ ಎಡಗಡೆ ಜಾಗ ಮಾಡಿ ಕೂರಿಸಿಕೊಂಡು, "ನಮ್ ಮೇಲೆ ನೀನೂ ಒಂದು ಏಳವ್ವ, ವಸಿ ಜೋರಾಗಿ ಏಳು, ನಂಗೆ ಕಿವಿ ಮಂದ," ಎಂದಳು. ಬೀಗಿತ್ತಿ ಸೌಟನ್ನು ಮಡಿಲಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡರು.